ಹನ್ನೊಂದು ಸಲ ಕಂಡ ಕಡಲು

ಗಂಡ ಹನ್ನೊಂದು ಸಲ ಸಮುದ್ರ ನೋಡಿದ್ದಾರೆ, ಹೆಂಡತಿ ಒಂದು ಸಲವೂ ನೋಡಿಲ್ಲ. ಆ ಮನೆಯ ಮೂಲ ಜಗಳ ಇದು. ಹಾಲು ಉಕ್ಕಿದ ಜಗಳ, ಒದ್ದೆ ಟವೆಲು ಹಾಸಿಗೆಯ ಮೇಲೆ ಬಿದ್ದ ಜಗಳ, ಫ್ಯಾನಿನ ಸ್ವಿಚ್ಚು ಆರಿಸದ ಜಗಳ, ಎಲ್ಲಿ ಹುಟ್ಟಿದರೂ ಹರಿದು ಹರಿದು ಕೊನೆಗೆ ಸಮುದ್ರವನ್ನೇ ಸೇರುತ್ತಿದ್ದವು. (ನದಿಗಳ ಬಗ್ಗೆ ಶಾಲೆಯಲ್ಲಿ ಕಲಿಸಿದ್ದು ಸುಳ್ಳಲ್ಲ.) "ಗ್ಯಾಸ್ ಮುಗೀತಾ ಬಂತು ಅಂತ ಬೆಳಿಗ್ಗೇನೇ ಹೇಳಿದ್ದೆ" ಎಂದು ಶುರುವಾದ ಮಾತು ಹತ್ತೇ ನಿಮಿಷದಲ್ಲಿ, "ನಿಮಗೇನ್ರೀ, ಕಡಲ ಗಾಳಿ ಕುಡಿದು ಬಂದವರು! ಒಲೆ ಮುಂದೆ ಬೇಯೋಳು ನಾನು ತಾನೆ?" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು.

ಗಂಡ ಪ್ರವಾಸ ಇಲಾಖೆಯಲ್ಲಿ ಬರಹಗಾರರಾಗಿದ್ದವರು. ಇಪ್ಪತ್ತೆರಡು ವರ್ಷ ಅವರು ಬರೆದದ್ದು ಒಂದೇ ಪುಸ್ತಕ. ಅದರ ಹೆಸರು 'ಕಡಲ ಸೀಮೆ: ಇತಿಹಾಸ ಮತ್ತು ವಿಹಾರ'. ಮೂವತ್ತೆರಡು ಪುಟದ ಕೈಪಿಡಿ, ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆ, ಒಟ್ಟು ಹನ್ನೊಂದು ಆವೃತ್ತಿ. ಕಚೇರಿಯಲ್ಲಿ ಎಲ್ಲರೂ ಅವರನ್ನು ಕೈಪಿಡಿ ಎಂದೇ ಕರೆಯುತ್ತಿದ್ದರು. ಪ್ರತಿ ಆವೃತ್ತಿಗೂ ಬರಹಗಾರರು ಮೂರು ದಿನ ಆ ಸೀಮೆಗೆ ಹೋಗಿ ಕೋಟೆ ಕೊತ್ತಲ, ದಂಡೆ ದೋಣಿ ಎಲ್ಲವನ್ನೂ ಖುದ್ದು ಪರಿಶೀಲಿಸಿ ಬರೆಯತಕ್ಕದ್ದು ಎಂದು ನಿಯಮ. ಹಾಗಾಗಿ ಕೈಪಿಡಿಯವರು ಹನ್ನೊಂದು ಸಲ ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತ ಹೆಂಡತಿಗೆ ಕೈ ಬೀಸಿ, ಮನೆಯಿಂದ ಹೊರಟದ್ದು ನಿಜ.

ಸಮುದ್ರ ಮುಟ್ಟಿದ್ದು ಮಾತ್ರ ಸುಳ್ಳು. ಒಂದು ಸಲವೂ ಮುಟ್ಟಿರಲಿಲ್ಲ.

ಮೊದಲ ಸಲ ಏನಾಯಿತೆಂದರೆ, ಆಜ್ಞಾಪತ್ರ ಕೈಗೆ ಬಂದ ದಿನವೇ ಅವರು ಮನೆಯಲ್ಲಿ ಡಂಗುರ ಹೊಡೆದುಬಿಟ್ಟಿದ್ದರು. ಹೆಂಡತಿ ಆ ಡಂಗುರವನ್ನು ತನ್ನ ಅಕ್ಕನ ಮನೆಗೆ ಒಯ್ದು ಅಲ್ಲೂ ಬಾರಿಸಿದ್ದಳು. ಹೊರಡುವ ಬೆಳಿಗ್ಗೆ ಕಚೇರಿಯ ಮುಂದೆ ಜೀಪು ನಿಂತಿತ್ತು. ಅದರೊಳಗೆ ದೊಡ್ಡ ಸಾಹೇಬರು, ಸಾಹೇಬರ ಹೆಂಡತಿ, ಸಾಹೇಬರ ಹೆಂಡತಿಯ ಕೊಡೆ. "ಬರೆಯೋನಿಗೆ ಯಾಕಯ್ಯ ನೋಡೋ ಚಪಲ? ಕಲ್ಪನೆ ಇಲ್ವಾ ನಿಂಗೆ? ನಾನು ನೋಡ್ಕೊಂಡು ಬಂದು ಹೇಳ್ತೀನಿ, ನೀನು ಬರಿ" ಎಂದು ಸಾಹೇಬರು ಆಜ್ಞಾಪತ್ರವನ್ನು ಕಿಸೆಗೆ ಇಳಿಸಿದರು. ಜೀಪು ಹೋಯಿತು. ಕೈಪಿಡಿಯವರು ಚೀಲ ಹೊತ್ತು ನಿಂತೇ ಇದ್ದರು. ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಮೂರು ದಿನ ಕಚೇರಿಯ ದಾಖಲೆ ಕೋಣೆಯಲ್ಲಿ, ಹಳೆಯ ಕಡತಗಳ ಕಟ್ಟಿನ ಮೇಲೆ ಮಲಗಿ, ಎದುರಿನ ಪಾಯಖಾನೆಯ ಗೋಡೆ ನೋಡುತ್ತ ಕಳೆದರು. ಕೈಪಿಡಿಯಲ್ಲಿ ಬರುವ ಸೂರ್ಯಾಸ್ತದ ವರ್ಣನೆ ಹುಟ್ಟಿದ್ದು ಆ ಗೋಡೆಯನ್ನು ನೋಡಿಯೇ.

ನಾಲ್ಕನೆಯ ದಿನ ಮನೆಗೆ ಹೋಗುವಾಗ ಸಾಕ್ಷಿಗೆ ಏನಾದರೂ ಬೇಕಲ್ಲ? ಕಚೇರಿಯ ಪಕ್ಕದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಎರಡು ಹಿಡಿ ಮರಳು ಬೂಟಿನೊಳಗೆ ಸುರಿದುಕೊಂಡರು. ಹೆಂಡತಿ ಆ ಬೂಟನ್ನು ಪೇಪರಿನ ಮೇಲೆ ಕೊಡವಿ, ಮರಳನ್ನು ಜಾಮಿನ ಖಾಲಿ ಬಾಟಲಿಗೆ ತುಂಬಿ, 'ಸಮುದ್ರ' ಎಂದು ಚೀಟಿ ಅಂಟಿಸಿ, ಟೀವಿಯ ಪಕ್ಕದಲ್ಲಿ ಇಟ್ಟಳು. ಅದನ್ನು ನೋಡಿದ ಮೇಲೆ ನಿಜ ಹೇಳುವ ಬಾಯಿ ಯಾವ ಗಂಡನಿಗಿದೆ? ಮುಂದೆ ಹತ್ತು ಸಲವೂ ಅದೇ ಜೀಪು, ಅದೇ ಕೊಡೆ, ಅದೇ ದಾಖಲೆ ಕೋಣೆ. ಒಂದು ಸುಳ್ಳನ್ನು ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ಕೈಪಿಡಿ ಪರಿಷ್ಕರಿಸುವುದಕ್ಕಿಂತ ಕಷ್ಟದ ಕೆಲಸ, ಅದಕ್ಕೆ ಬಡ್ತಿಯೂ ಸಿಗುವುದಿಲ್ಲ.

ಈಗ ನಿವೃತ್ತಿಯಾಗಿ ಒಂದು ತಿಂಗಳಾಗಿತ್ತು.

"ಇನ್ನು ಡ್ಯೂಟಿ ಅನ್ನೋ ಹಾಗಿಲ್ಲ, ರಜೆ ಇಲ್ಲ ಅನ್ನೋ ಹಾಗಿಲ್ಲ" ಎಂದು ಹೆಂಡತಿ ಎರಡು ಟಿಕೆಟ್ಟನ್ನು ಮೇಜಿನ ಮೇಲೆ ಇಟ್ಟಳು. "ಹನ್ನೊಂದು ಸಲ ಒಬ್ಬರೇ ಮಜಾ ಮಾಡಿದ್ದು ಸಾಕು. ಪುಟ ಒಂದರಿಂದ ಮೂವತ್ತೆರಡರ ತನಕ ಒಂದೂ ಬಿಡದೆ ತೋರಿಸ್ಬೇಕು."

"ಈಗ ಬಿಸಿಲು ಜಾಸ್ತಿ ಕಣೆ."

"'ವರ್ಷವಿಡೀ ಹಿತಕರವಾದ ಹವೆ', ಪುಟ ಎರಡು" ಎಂದಳು ಅವಳು ಪುಸ್ತಕ ನೋಡದೆಯೇ. ಅವಳಿಗೆ ಅದು ಬಾಯಿಪಾಠವಾಗಿತ್ತು. ಗಂಡ ಊರಲ್ಲಿಲ್ಲದ ಮೂರು ಮೂರು ದಿನ ಅವಳು ಅದನ್ನೇ ಓದುತ್ತ ಕೂತಿರುತ್ತಿದ್ದಳು ಎಂಬುದು ಕೈಪಿಡಿಯವರಿಗೆ ಆ ಹೊತ್ತು ತಿಳಿಯಿತು. ಟಿಕೆಟ್ಟಿನ ತಾರೀಖು ನೋಡುವವರಂತೆ ತಲೆ ತಗ್ಗಿಸಿದರು.

ಅವರಿಗಿದ್ದ ಚಿಂತೆ ಒಂದೇ. ಇಷ್ಟು ವರ್ಷದಲ್ಲಿ ಹೆಂಡತಿ ತಮ್ಮನ್ನು ಬೈದದ್ದಕ್ಕೆ ಲೆಕ್ಕವಿಲ್ಲ, ಆದರೆ ಆ ಬೈಗುಳದ ತಳದಲ್ಲಿ ಒಂದಿಷ್ಟು ಹೆಮ್ಮೆಯಿತ್ತು. ಅಕ್ಕನ ಮುಂದೆ, "ನಮ್ಮನೆಯವರಿಗೇನಮ್ಮ, ಕಾಲು ಮನೇಲಿ ನಿಲ್ಲಲ್ಲ, ಸರ್ಕಾರವೇ ಕರೆಸ್ಕೊಳತ್ತೆ" ಎಂದು ಮೂತಿ ತಿರುವುತ್ತಲೇ ಹೊಗಳುತ್ತಿದ್ದಳು. ಆ ಒಂದು ಹೊಗಳಿಕೆಯ ಆಧಾರದ ಮೇಲೆಯೇ ಕೈಪಿಡಿಯವರು ತಲೆ ಎತ್ತಿ ಓಡಾಡುತ್ತಿದ್ದದ್ದು. ಅದು ಹೋದರೆ ಮಿಕ್ಕುವುದು ಬೈಗುಳ ಮಾತ್ರ.

ಕಡಲ ಸೀಮೆಯಲ್ಲಿ ಬಸ್ಸಿಳಿದ ಕ್ಷಣದಿಂದಲೇ ಅಗ್ನಿಪರೀಕ್ಷೆ ಶುರುವಾಯಿತು. ಬಸ್ ನಿಲ್ದಾಣದಲ್ಲಿ ಎಡಕ್ಕೋ ಬಲಕ್ಕೋ ಎಂದು ತಿಳಿಯದೆ ಕೈಪಿಡಿಯವರು ಬಾಗಿ ಚಪ್ಪಲಿಯ ಪಟ್ಟಿ ಬಿಗಿಮಾಡುತ್ತ ನಿಂತರು. ಹೆಂಡತಿ ಎರಡು ಹೆಜ್ಜೆ ಬಲಕ್ಕಿಟ್ಟಳು. ಪುಟ ಮೂರರ ನಕ್ಷೆ ಅವಳ ತಲೆಯೊಳಗೇ ಇತ್ತಲ್ಲ. "ಹಾಂ, ಬಲಕ್ಕೇ" ಎಂದು ಇವರು ಗಂಭೀರವಾಗಿ ಹಿಂಬಾಲಿಸಿದರು.

ವಸತಿಗೃಹದಲ್ಲಿ ಸಾಮಾನು ಇಟ್ಟು, ಮೊದಲ ಕಾರ್ಯಕ್ರಮ ದೀಪಸ್ತಂಭ. 'ಕೋಟೆಯ ಬಾಗಿಲಿನಿಂದ ದೀಪಸ್ತಂಭಕ್ಕೆ ಹತ್ತು ನಿಮಿಷಗಳ ಆಹ್ಲಾದಕರ ಪಯಣ' ಎಂದು ಪುಟ ಹದಿನಾಲ್ಕು ಸಾರುತ್ತಿತ್ತು. ಕೋಟೆಯ ಬಾಗಿಲಿಗೆ ಬಂದಾಗ ಒಳಗಿನ ವಸ್ತುಸಂಗ್ರಹಾಲಯಕ್ಕೆ ಬೀಗ ಬಿದ್ದಿತ್ತು. ಅದು ನಾಳೆಗಾಯಿತು ಎಂದು ನಡೆಯಲು ಶುರುಮಾಡಿದರು. ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ದೀಪಸ್ತಂಭ ದೂರದಲ್ಲಿ ಕಡ್ಡಿಯಷ್ಟೇ ಇತ್ತು, ಬೆಳೆಯುವ ಲಕ್ಷಣ ತೋರಲಿಲ್ಲ. ಒಂದು ಗಂಟೆಯ ಹೊತ್ತಿಗೆ ಹೆಂಡತಿಯ ಚಪ್ಪಲಿ ಕಿತ್ತುಹೋಯಿತು.

"ರೀ, ಇದು ಹತ್ತು ನಿಮಿಷಾನಾ?"

ಸಾಹೇಬರು ಜೀಪಿನಲ್ಲಿ ಹೋಗಿದ್ದರೆಂಬ ಸತ್ಯ ಆಗ ಕೈಪಿಡಿಯವರಿಗೆ ಹೊಳೆಯಿತು. "ಎಷ್ಟು ದೂರ ಸಾರ್?" ಎಂದು ಕೇಳಿದ್ದಕ್ಕೆ "ಹತ್ತು ನಿಮಿಷ ಕಣಯ್ಯ" ಎಂದಿದ್ದರು. ಯಾವುದರಲ್ಲಿ ಎಂದು ಇವರು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

"ಆಗ ನಾನು ಚುರುಕಾಗಿ ನಡೀತಿದ್ದೆ" ಎಂದರು.

"ಹನ್ನೊಂದನೇ ಸಲಾನೂ? ಹೋದ ವರ್ಷದ ಹಿಂದಿನ ವರ್ಷ? ಮಂಡಿನೋವು ಅಂತ ಮಹಡಿ ಮೆಟ್ಲು ಹತ್ತೋಕೆ ಅಳ್ತಿದ್ರಲ್ಲ?"

"ಕಡಲ ಗಾಳಿಗೆ ಮಂಡಿನೋವು ಇರಲ್ಲ ಕಣೆ."

"ಹಾಗಾದ್ರೆ ಚೀಲ ಹೊರಿ" ಎಂದು ತನ್ನ ಚೀಲವನ್ನೂ ಕಿತ್ತ ಚಪ್ಪಲಿಯನ್ನೂ ಅವರ ಮೇಲೆ ಹೇರಿದಳು. ದೀಪಸ್ತಂಭ ಮುಟ್ಟಿದಾಗ ನಡೆಯಲು ಶುರುಮಾಡಿ ಎರಡೂಕಾಲು ಗಂಟೆಯಾಗಿತ್ತು. ಅಲ್ಲಿ 'ಇಂದು ದುರಸ್ತಿ, ಪ್ರವೇಶವಿಲ್ಲ' ಎಂಬ ಫಲಕವಿತ್ತು.

ಆದರೆ ದೀಪಸ್ತಂಭದ ಹಿಂದೆ ಸಮುದ್ರವಿತ್ತು. ಹೆಂಡತಿ ಬರಿಗಾಲಲ್ಲಿ ನೀರಿನ ತನಕ ಹೋಗಿ ಸುಮ್ಮನೆ ನಿಂತಳು. ಅವಳು ಅಷ್ಟು ಹೊತ್ತು ಮಾತಾಡದೆ ನಿಂತದ್ದನ್ನು ಮದುವೆಯಾದ ಮೇಲೆ ಕೈಪಿಡಿಯವರು ಕಂಡಿರಲಿಲ್ಲ. ಇಷ್ಟು ದೊಡ್ಡದಿರುತ್ತದೆ ಎಂದು ಅವರಿಗಾದರೂ ಯಾರು ಹೇಳಿದ್ದರು? "ಅಬ್ಬಾ!" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹನ್ನೊಂದು ಸಲ ನೋಡಿದವನು ಅಬ್ಬಾ ಎನ್ನಬಾರದು. ನುಂಗಿಕೊಂಡು, "ಈ ಸಲ ಸ್ವಲ್ಪ ನೀರು ಕಮ್ಮಿ" ಎಂದರು. ತನ್ನ ಜೀವನದಲ್ಲಿ ಮೊದಲ ಬಾರಿಗೆ ಕಡಲು ಕಂಡ ಮನುಷ್ಯ ಆ ಗಳಿಗೆಯನ್ನು ಹೀಗೆ ಹಾಳುಮಾಡಿಕೊಂಡ.

ಹೆಂಡತಿ ಚೀಲದಿಂದ ಜಾಮಿನ ಬಾಟಲಿ ತೆಗೆದಳು. ಅದನ್ನು ಮನೆಯಿಂದ ತಂದಿದ್ದಾಳೆ ಎಂದು ಇವರಿಗೆ ಗೊತ್ತಿರಲಿಲ್ಲ. ಮುಕ್ಕಾಲು ತುಂಬಿದ್ದನ್ನು ಪೂರ್ತಿ ತುಂಬಿಸುವ ಆಸೆ ಅವಳಿಗೆ. ದಂಡೆಯ ಮರಳು ಹಿಡಿಯಲ್ಲಿ ತೆಗೆದುಕೊಂಡವಳು ಬಾಟಲಿಯೊಳಗಿನ ಮರಳನ್ನೊಮ್ಮೆ, ಕೈಯಲ್ಲಿನದನ್ನೊಮ್ಮೆ ನೋಡಿದಳು. ಕೈಯಲ್ಲಿದ್ದದ್ದು ಹಿಟ್ಟಿನಂತೆ ನಯ, ಬಿಳುಪು. ಬಾಟಲಿಯಲ್ಲಿದ್ದದ್ದು ಕೆಂಪು, ದೊರಗು, ನಡುವೆ ಬೆರಳುಗುರಿನಷ್ಟು ದೊಡ್ಡ ಇಟ್ಟಿಗೆಯ ಚೂರು ಬೇರೆ.

"ರೀ, ಇದ್ಯಾಕೆ ಹೀಗಿದೆ?"

"ಇಪ್ಪತ್ತೆರಡು ವರ್ಷದಲ್ಲಿ ಅಲೆ ಹೊಡೆದೂ ಹೊಡೆದೂ ನಯವಾಗಿದೆ. ಭೂಗೋಳ ಕಣೆ ಅದು."

ಅವಳು ಇಟ್ಟಿಗೆಯ ಚೂರನ್ನು ಬೆರಳಲ್ಲಿ ತಿರುಗಿಸಿ ನೋಡಿ, ಬಾಟಲಿಗೆ ಹಾಕಿ, ಮುಚ್ಚಳ ತಿರುವಿದಳು.

ಮರುದಿನ ಬೆಳಿಗ್ಗೆ ಜಲವಿಹಾರ. 'ಈಜು ಬಾರದವರೂ ನಿರ್ಭಯವಾಗಿ ಹುಟ್ಟು ಹಾಕಬಹುದು' ಎಂದಿತ್ತು ಪುಟ ಇಪ್ಪತ್ತು. ಊರ ಪಕ್ಕದ ಹಿನ್ನೀರಿನಲ್ಲಿ ಇಬ್ಬರು ಕೂರುವ ಪುಟಾಣಿ ದೋಣಿಗಳಿದ್ದವು. ದೋಣಿಯವನು ನೀರಲ್ಲಿ ತೇಲಿಸುವ ಅಂಗಿಯಂಥ ಏನನ್ನೋ ಇಬ್ಬರಿಗೂ ಬಿಗಿದು, "ಮೊದಲು ಯಾವತ್ತಾದ್ರೂ ಹುಟ್ಟು ಹಾಕಿದ್ದೀರಾ?" ಎಂದ.

"ಇವರು ಹನ್ನೊಂದು ಸಲ" ಎಂದಳು ಹೆಂಡತಿ.

"ಹಾಗಾದ್ರೆ ಹೇಳಿಕೊಡೋದೇನಿಲ್ಲ" ಎಂದು ದೋಣಿಯವನು ದೂಡಿಬಿಟ್ಟ.

ಹೆಂಡತಿ ಮುಂದಕ್ಕೆ ಹುಟ್ಟು ಹಾಕಿದಳು, ಗಂಡ ಹಿಂದಕ್ಕೆ. ದೋಣಿ ಗಾಣದೆತ್ತಿನಂತೆ ಒಂದೇ ಜಾಗದಲ್ಲಿ ಸುತ್ತತೊಡಗಿತು. (ಮೂವತ್ತು ವರ್ಷದ ದಾಂಪತ್ಯದಲ್ಲಿ ಆದದ್ದೂ ಅದೇ, ಇಲ್ಲಿ ನೀರಿತ್ತು ಅಷ್ಟೇ.) "ಎಡಕ್ಕೆ ಹಾಕ್ರೀ!" "ಹಾಕ್ತಾ ಇದ್ದೀನಲ್ಲೇ!" "ನಿಮ್ಮ ಎಡ ಅಲ್ಲ, ನನ್ನ ಎಡ!" "ಇಬ್ಬರದೂ ಒಂದೇ ಎಡ ಕಣೆ!" ದಂಡೆಯ ಮೇಲೆ ನಿಂತವರು ಚಪ್ಪಾಳೆ ತಟ್ಟಿದರು. ಹನ್ನೆರಡನೆಯ ಸುತ್ತಿನಲ್ಲಿ ಕೈಪಿಡಿಯವರು ಎದ್ದು ನಿಂತು ಪರಿಸ್ಥಿತಿಯನ್ನು ವಿವರಿಸಲು ಹೋದರು. ಪರಿಸ್ಥಿತಿ ತಲೆಕೆಳಗಾಯಿತು. ನೀರು ಸೊಂಟದಷ್ಟೇ ಇತ್ತು, ಮಾನ ಪೂರ್ತಿ ಮುಳುಗಿತು. ದೋಣಿಯವನು ಇಬ್ಬರನ್ನೂ ಎಳೆದು ತಂದು ದಂಡೆಗೆ ಹಾಕಿ, "ಹನ್ನೊಂದು ಸಲಾನೂ ಹೀಗೇನಾ ಸಾರ್?" ಎಂದು ನಿಜವಾದ ಕಾಳಜಿಯಿಂದ ಕೇಳಿದ.

ಹೆಂಡತಿ ಸೆರಗು ಹಿಂಡಿಕೊಂಡಳು. "ಹೋಗ್ಲಿ ಬಿಡಿ" ಎಂದಳು. "ನಂಗೆ ಬೇಕಾಗಿದ್ದು ಇದ್ಯಾವುದೂ ಅಲ್ಲ. ಪುಟ ಏಳು ತೋರಿಸಿ, ಸಾಕು."

ಪುಟ ಏಳು ಎಂದರೆ ಕೋಟೆಯ ಕಿಟಕಿ. ಕೈಪಿಡಿಯಲ್ಲೆಲ್ಲ ಹೆಚ್ಚು ಮಂದಿ ಓದಿದ ಪುಟ. ಮುನ್ನೂರು ವರ್ಷದ ಹಿಂದೆ ನಾವಿಕನೊಬ್ಬ ಹಡಗೇರಿ ಹೋದನಂತೆ. ಅವನ ಹೆಂಡತಿ ಕೋಟೆಯ ಮಹಡಿಯ ಆ ಕಿಟಕಿಯಲ್ಲಿ ದಿನವೂ ಸಂಜೆ ಕೂತು, ಸೂರ್ಯ ಮುಳುಗುವ ತನಕ ದಾರಿ ಕಾಯುತ್ತಿದ್ದಳಂತೆ. ಅವಳು ಕೂತೂ ಕೂತೂ ಕಲ್ಲು ಸವೆದಿದೆಯಂತೆ. ಈ ನಾವಿಕ, ಈ ಹೆಂಡತಿ, ಈ ಕಾಯುವಿಕೆ ಎಲ್ಲ ದಾಖಲೆ ಕೋಣೆಯಲ್ಲಿ ಎರಡನೆಯ ದಿನ, ಬುತ್ತಿ ಮುಗಿದು ಹೊಟ್ಟೆ ಹಸಿದಿದ್ದಾಗ ಹುಟ್ಟಿದವು. ಸಾಹೇಬರು ಕಿಟಕಿಯ ಬಗ್ಗೆ ಹೇಳಿದ್ದು, "ಒಂದು ಕಿಟಕಿ ಇದೆ ಕಣಯ್ಯ, ಗಾಳಿ ಚೆನ್ನಾಗಿ ಬರತ್ತೆ" ಎಂದಷ್ಟೇ.

ಸಂಜೆ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಪಹರೆಯವರು ಒಬ್ಬರೇ ಇದ್ದರು. ಕಿವಿಗೆ ದಾರ ಸುತ್ತಿದ ಕನ್ನಡಕ, ಎದುರಿಗೆ ಮೇಜು, ಮೇಜಿನ ಮೇಲೆ ದಪ್ಪ ಭೇಟಿ ಪುಸ್ತಕ. ಪುಟ ಏಳನ್ನು ಒಂದಕ್ಷರ ಬಿಡದೆ ಒಪ್ಪಿಸಿ, "ಮೊದಲು ಸಹಿ, ಆಮೇಲೆ ಮೆಟ್ಲು" ಎಂದರು.

"ನಮ್ಮೆಜಮಾನರ ಸಹಿ ಇದರಲ್ಲಿ ಹನ್ನೊಂದು ಸಲ ಇರ್ಬೇಕು" ಎಂದಳು ಹೆಂಡತಿ. ಬೆಳಗಿನ ಸೋಲೆಲ್ಲ ಮರೆತು ಅವಳ ಮುಖ ಅರಳಿತ್ತು. "ಈ ಕೈಪಿಡಿ ಬರೆದವರು ಇವರೇ. ಹಳೇ ಪುಸ್ತಕ ಇದ್ರೆ ಒಂಚೂರು ತೋರಿಸ್ತೀರಾ?"

ಭೇಟಿ ಕೊಟ್ಟದ್ದಕ್ಕೆ ಪುರಾವೆಯಾಗಿ ಇಲ್ಲಿ ಸಹಿ ಬೀಳುತ್ತದೆಂದು ಕೈಪಿಡಿಯವರಿಗೆ ಗೊತ್ತಿತ್ತು. ಸಹಿ ಮಾಡುತ್ತಿದ್ದವರು ಸಾಹೇಬರು ಎಂಬುದೂ ಗೊತ್ತಿತ್ತು. ಏನೆಂದು ಸಹಿ ಮಾಡುತ್ತಿದ್ದರು ಎಂದು ಮಾತ್ರ ಕೇಳಿರಲಿಲ್ಲ. "ಕತ್ತಲಾಗತ್ತೆ, ನಡಿಯೇ" ಎಂದರು. ಪಹರೆಯವರು ಅಷ್ಟರಲ್ಲಿ ಬೀರು ತೆರೆದು ಪುಸ್ತಕಗಳನ್ನು ತಂದು ಧೂಳು ಹೊಡೆದಾಗಿತ್ತು. ಹೆಂಡತಿ ಬೆರಳು ಓಡಿಸಿದಳು. ಬೆರಳು ನಿಂತಿತು. ಅವಳು ಗಟ್ಟಿಯಾಗಿ ಓದಿದಳು:

"ಪ್ರವಾಸ ಇಲಾಖೆಯ ಬರಹಗಾರರು, ಸಪತ್ನೀಕರಾಗಿ."

ಇನ್ನೊಂದು ಪುಸ್ತಕ ತೆರೆದಳು. "ಬರಹಗಾರರು, ಸಪತ್ನೀಕರಾಗಿ." ಮತ್ತೊಂದು. "ಸಪತ್ನೀಕರಾಗಿ. ಗಾಳಿ ಚೆನ್ನಾಗಿದೆ."

ಹನ್ನೊಂದು ಸಲ. ಹನ್ನೊಂದು ಸಲವೂ ಪತ್ನಿ. ಹೆಂಡತಿ ನಿಧಾನವಾಗಿ ತಲೆಯೆತ್ತಿ ಗಂಡನ ಮುಖ ನೋಡಿದಳು. ಕೈಪಿಡಿಯವರ ಮುಂದೆ ಈಗ ಎರಡೇ ದಾರಿ. ಒಂದರಲ್ಲಿ ಅವರು ಬೇರೆ ಹೆಂಗಸನ್ನು ಕಡಲು ತೋರಿಸಲು ಕರೆತಂದ ರಸಿಕ, ಇನ್ನೊಂದರಲ್ಲಿ ಪಾಯಖಾನೆಯ ಗೋಡೆ ನೋಡುತ್ತ ಮಲಗಿದ್ದ ಪೆದ್ದ. ನಾಚಿಕೆಗೇಡಿನ ಮಾತು, ಆದರೆ ಹೇಳಿಬಿಡಬೇಕು: ಒಂದು ಗಳಿಗೆ ಅವರಿಗೆ ಮೊದಲನೆಯ ದಾರಿಯೇ ಮೇಲೆನಿಸಿತು. ಬೆನ್ನು ತಾನಾಗಿ ನೆಟ್ಟಗಾಯಿತು.

ಪಹರೆಯವರು ಕನ್ನಡಕ ಸರಿಮಾಡಿಕೊಂಡು ಅವರನ್ನು ಅಡಿಯಿಂದ ಮುಡಿಯ ತನಕ ನೋಡಿದರು. "ಇವರಲ್ಲಮ್ಮ ಅವರು" ಎಂದರು. "ಬರಹಗಾರರು ಎತ್ತರ, ದಪ್ಪ, ಜೀಪಲ್ಲಿ ಬರ್ತಿದ್ರು. ಅಮ್ಮಾವ್ರು ಕೊಡೆ ಹಿಡ್ಕೊಂಡಿರ್ತಿದ್ರು. ಅವರನ್ನ ನಾನು ಕಣ್ಣು ಮುಚ್ಚಿ ಗುರುತು ಹಿಡೀತೀನಿ. ನೀವ್ಯಾರು ಸ್ವಾಮಿ? ದೊಡ್ಡವರ ಹೆಸರು ಹೇಳ್ಕೊಂಡು ಯಾಕೆ ಓಡಾಡ್ತಿದ್ದೀರಿ?"

ರಸಿಕನ ದಾರಿಯೂ ಮುಚ್ಚಿತು. ಕೈಪಿಡಿಯವರು ಅಲ್ಲೇ, ತುಕ್ಕು ಹಿಡಿದ ಫಿರಂಗಿಯ ಪಕ್ಕದಲ್ಲಿ ನಿಂತು, ಎಲ್ಲ ಹೇಳಿದರು. ಜೀಪು, ಕೊಡೆ, ಕಡತದ ಕಟ್ಟು, ಬೂಟಿನ ಮರಳು. ಹೇಳುತ್ತ ಹೇಳುತ್ತ ಅವರಿಗೇ ತಮ್ಮ ಮೇಲೆ ಅಯ್ಯೋ ಅನ್ನಿಸಿತು. ಹೆಂಡತಿಗೂ ಅನ್ನಿಸಬಹುದು ಎಂದು ಆಸೆಪಟ್ಟರು.

"ಮೂರು ದಿನ ಊಟಕ್ಕೇನು ಮಾಡ್ತಿದ್ರಿ?" ಎಂದಳು ಅವಳು.

"ನಿನ್ನ ಬುತ್ತಿ ಮೊದಲ ದಿನಕ್ಕಾಗ್ತಿತ್ತು. ಆಮೇಲೆ ಬ್ರೆಡ್ಡು." ದನಿ ಎಷ್ಟು ಒಣಗಿಸಬಹುದೋ ಅಷ್ಟು ಒಣಗಿಸಿದರು.

"ಮನೆ ಮೂರು ಬೀದಿ ಆಚೆ ಇತ್ತು."

"ಹೌದು ಕಣೆ."

"ನಾನು ಒಬ್ಬಳೇ ಕೂತು ಈ ಪುಸ್ತಕ ಓದ್ತಾ ಇದ್ದೆ. ಮೂರು ಬೀದಿ ಆಚೆ." ಅವಳ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಇನ್ನೊಬ್ಬಳನ್ನ ಕರ್ಕೊಂಡು ಬಂದಿದ್ರೆ ಜಗಳ ಆಡಬಹುದಿತ್ತು ಕಣ್ರೀ. ಅಕ್ಕನ ಹತ್ರ ಹೋಗಿ ಅಳಬಹುದಿತ್ತು. ಇದಕ್ಕೆ ಏನಂತ ಅಳಲಿ? ಇಪ್ಪತ್ತೆರಡು ವರ್ಷ ನಿಮ್ಮ ಮೇಲೆ ಹೊಟ್ಟೆ ಉರ್ಕೊಂಡೆ. ಆ ಹೊಟ್ಟೆಕಿಚ್ಚೂ ದಂಡ ಆಯ್ತಲ್ಲ! ನಂಗೆ ಅಂತ ಇದ್ದದ್ದು ಅದೊಂದೇ."

ಕೈಪಿಡಿಯವರು ಫಿರಂಗಿಯ ತುಕ್ಕನ್ನು ಉಗುರಿನಿಂದ ಕೆರೆದರು.

"ಆ ಕಿಟಕಿಯೋಳೂ ಸುಳ್ಳಾ?"

"ಅವಳೂ ನಾನೇ ಬರೆದದ್ದು."

"ಸುಳ್ಳಾ!" ಪಹರೆಯವರು ಮೇಜು ಗುದ್ದಿದರು. "ಸರ್ಕಾರಿ ಪುಸ್ತಕದಲ್ಲಿ ಅಚ್ಚಾಗಿದೆ ರೀ! ಆಯಮ್ಮನ ಕಥೆ ಕೇಳಿ ಎಷ್ಟು ಜನ ಇಲ್ಲಿ ಕಣ್ಣೀರು ಹಾಕಿದ್ದಾರೆ ಗೊತ್ತಾ? ನಿಮಗೆ ಇತಿಹಾಸ ಗೊತ್ತಿಲ್ಲದಿದ್ರೆ ಸುಮ್ನಿರಿ."

ಹೆಂಡತಿ ಪಹರೆಯವರ ಪೆನ್ನು ತೆಗೆದುಕೊಂಡಳು. ಇವತ್ತಿನ ಪುಟದಲ್ಲಿ ತನ್ನ ಹೆಸರನ್ನು ದುಂಡಗೆ ಬರೆದಳು. 'ಜೊತೆಯಲ್ಲಿ ಬಂದವರು' ಎಂಬ ಜಾಗದಲ್ಲಿ ಸ್ವಲ್ಪ ಯೋಚಿಸಿ, 'ಸಾಮಾನು ಹೊರಲು ಒಬ್ಬರು' ಎಂದು ಬರೆದಳು. ಪುಸ್ತಕವನ್ನು ತಿರುಗಿಸಿ ಕೊಟ್ಟು, ಚೀಲವನ್ನು ಗಂಡನ ಕೈಗಿಟ್ಟು, ಮೆಟ್ಟಿಲು ಹತ್ತಿದಳು. ಹತ್ತುವ ಮೊದಲು ಜಾಮಿನ ಬಾಟಲಿಯನ್ನು ಫಿರಂಗಿಯ ಪಕ್ಕದ ಮರದ ಹಲಗೆಯ ಮೇಲೆ, ಹಳೆಯ ಗುಂಡುಗಳ ಸಾಲಿನಲ್ಲಿ, ಇಟ್ಟು ಹೋದಳು.

ಕೈಪಿಡಿಯವರು ಹಿಂದೆಯೇ ಮೆಟ್ಟಿಲಿಗೆ ಕಾಲಿಟ್ಟರು. ಪಹರೆಯವರು ಸಾಲನ್ನು ಓದಿ, ಕನ್ನಡಕದ ಮೇಲಿನಿಂದ ನೋಡಿ, ಕೈ ಅಡ್ಡ ಹಿಡಿದರು.

"ಸಾಮಾನು ಹೊರೋರು ಮೇಲೆ ಹೋಗೋ ಹಾಗಿಲ್ಲ. ಹೊರಗಡೆ ಬೆಂಚಿದೆ."

"ಯಾರು ಹೇಳಿದ್ದು?"

"ಕೈಪಿಡಿ, ಪುಟ ಹನ್ನೆರಡು."

ಇತ್ತು. ಐದನೆಯ ಆವೃತ್ತಿಯಲ್ಲಿ ಸಾಹೇಬರ ಹೆಂಡತಿ ಹೇಳಿಕಳಿಸಿದ ನಿಯಮ ಅದು. 'ಹೊರುವವರು ಹೊರಗಿನ ಬೆಂಚಿನಲ್ಲಿ ಕುಳಿತಿರತಕ್ಕದ್ದು' ಎಂದು ಕುಳಿತಿರತಕ್ಕದ್ದಕ್ಕೆ ಒತ್ತು ಕೊಟ್ಟು ಬರೆದವರು ಇವರೇ.

ಬೆಂಚು ಕೋಟೆಯ ಹೊರಗೋಡೆಗೆ ಮುಖ ಮಾಡಿತ್ತು. ಸಮುದ್ರ ಗೋಡೆಯ ಆಚೆ. ಕೈಪಿಡಿಯವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಈ ಗೋಡೆಗೂ ದಾಖಲೆ ಕೋಣೆಯ ಎದುರಿನ ಗೋಡೆಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಗೋಡೆಯ ತುದಿಯ ಕಲ್ಲುಗಳು ಕೆಂಪಗಾದವು. ಆಚೆಗೆ ಸೂರ್ಯ ಇಳಿಯುತ್ತಿದ್ದಾನೆಂದು ತಿಳಿಯಿತು. ಮೇಲಿನ ಮೂಲೆಯ ಕಿಟಕಿಯಲ್ಲಿ ಹೆಂಡತಿ ಕೂತಿದ್ದಳು. ಇಲ್ಲಿಂದ ಅವಳ ಒಂದು ಭುಜ, ಕೆದರಿದ ಕೂದಲು ಮಾತ್ರ ಕಾಣುತ್ತಿತ್ತು. ಅವಳು ಇತ್ತ ತಿರುಗಲಿಲ್ಲ.

ತುಂಬ ಹೊತ್ತು ತಡೆದರು. ಆಮೇಲೆ ತಡೆಯಲಾಗಲಿಲ್ಲ. ಕತ್ತೆತ್ತಿ ಕೂಗಿದರು:

"ಏನೇ, ಹೇಗಿದೆ?"

ಮೇಲಿನಿಂದ ಉತ್ತರ ಬಂತು:

"ನಾನ್ಯಾಕೆ ಹೇಳಲಿ? ನೀವೇ ಬರೆದಿದ್ದೀರಲ್ಲ, ಓದ್ಕೊಳ್ಳಿ."

ಕೈಪಿಡಿಯವರು ಚೀಲದಿಂದ ಪುಸ್ತಕ ತೆಗೆದು, ಪುಟ ಏಳು ಬಿಡಿಸಿ, ಬೆಳಕಿರುವ ತನಕ ಓದಿದರು. ಸೂರ್ಯಾಸ್ತ ಚೆನ್ನಾಗಿಯೇ ಇತ್ತು.